ನಿಮ್ಮ ಬ್ಲಾಗ್ ನಿಜಕ್ಕೂ ಎಲ್ಲಿದೆ?

ಟೈಪ್‌ಪ್ಯಾಡ್ ಎನ್ನುವ ಬ್ಲಾಗ್ ತಾಣ 2025ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. 2003ರಿಂದ ನಡೆದುಕೊಂಡು ಬಂದಿದ್ದ ತಾಣ ಅದು. ಮುಚ್ಚುತ್ತೇವೆ ಎಂದು ತಿಳಿಸಿದ್ದು ಆಗಸ್ಟ್ ಕೊನೆಗೆ. ಇಪ್ಪತ್ತು ವರ್ಷದ ಬರಹ ಇಳಿಸಿಕೊಳ್ಳಲು ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ತಿಂಗಳು. ಅಕ್ಟೋಬರ್ 20ರಂದು, ನಮ್ಮಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ, ಅಮೆಜಾನ್‌ನ ಕ್ಲೌಡ್, ಅಂದರೆ ಬಾಡಿಗೆ ಕಂಪ್ಯೂಟರ್ ಸೇವೆ, ಮುಗ್ಗರಿಸಿತು. ಜಗತ್ತಿನಾದ್ಯಂತ ನೂರಾರು ಆ್ಯಪ್‌ಗಳು ಕೈಕೊಟ್ಟವು. ನವೆಂಬರ್ 18ರ ಸಂಜೆ, ತಾಣಗಳ ಪುಟಗಳನ್ನು ಓದುಗರಿಗೆ ತಲುಪಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಸರದಿ. ಎಕ್ಸ್, ಚಾಟ್‌ಜಿಪಿಟಿ ತೆರೆಯಲಿಲ್ಲ. ಅವುಗಳ ಜೊತೆಗೆ ಎಷ್ಟೋ ಸಣ್ಣಪುಟ್ಟ ಬ್ಲಾಗ್‌ಗಳೂ ತೆರೆಯಲಿಲ್ಲ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್. ಬಿಡುವಾದಾಗ ಸ್ವಂತ ಬ್ಲಾಗ್ ಬರೆಯುವ ಚಟವೂ ಇದೆ. ಹಾಗಾಗಿ ಇಂಥ ದಿನಗಳಲ್ಲಿ ಬರೆಯುವ ಗೆಳೆಯರ ಫೋನ್ ನನಗೇ ಬರುತ್ತದೆ. ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನಾನೇನೂ ಮುಟ್ಟಿಲ್ಲ, ಆದ್ರೂ ಬ್ಲಾಗ್ ಯಾಕೆ ಹೋಯ್ತು?" ಉತ್ತರ ಗೊತ್ತಾಗಬೇಕಾದರೆ ಬ್ಲಾಗ್ ಅನ್ನುವುದನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ನಾಲ್ಕು ತುಂಡು

ಓದುಗರಿಗೆ ಬ್ಲಾಗ್ ಒಂದೇ ವಸ್ತುವಿನಂತೆ ಕಾಣುತ್ತದೆ. ಒಳಗೆ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ನೀವು ಬರೆದ ಬರಹ. ಬ್ಲಾಗಿನ ವಿಳಾಸ, ಅಂದರೆ ಡೊಮೈನ್ ಹೆಸರು. ಬರಹಕ್ಕೆ ತಲೆಬರಹ, ಬಣ್ಣ, ಚಿತ್ರ ಸೇರಿಸಿ ಪುಟ ಮಾಡುವ ಯಂತ್ರ. ಮಾಡಿದ ಪುಟವನ್ನು ಓದುಗರ ಮೊಬೈಲ್‌ಗೆ ತಲುಪಿಸುವ ಯಂತ್ರ.

ಬ್ಲಾಗ್‌ಸ್ಪಾಟ್ ಅಥವಾ ವರ್ಡ್‌ಪ್ರೆಸ್.ಕಾಮ್‌ನಲ್ಲಿ ಬರೆದರೆ ನಾಲ್ಕೂ ಒಂದೇ ಕಂಪನಿಯ ಕೈಯಲ್ಲಿರುತ್ತವೆ. ನಾನು ಮಾಡಿಕೊಂಡ ಹಾಗೆ ಬಿಡಿಬಿಡಿಯಾಗಿ ಜೋಡಿಸಿಕೊಂಡರೆ ನಾಲ್ಕು ಕಡೆ ಹಂಚಿಹೋಗುತ್ತವೆ. ಟೈಪ್‌ಪ್ಯಾಡ್ ಮುಚ್ಚಿದಾಗ ಅನೇಕರಿಗೆ ನಾಲ್ಕೂ ಒಟ್ಟಿಗೆ ಹೋದವು. ಅಮೆಜಾನ್ ಗಲಾಟೆ ಶುರುವಾಗಿದ್ದು ವಿಳಾಸದ ತುಂಡಿನಲ್ಲಿ. ಕ್ಲೌಡ್‌ಫ್ಲೇರ್‌ನದು ತಲುಪಿಸುವ ತುಂಡಿನಲ್ಲಿ. ಹೊರಗಿನಿಂದ ಎಲ್ಲವೂ "ಸೈಟ್ ಡೌನ್" ಅಷ್ಟೆ.

ಕ್ಲೌಡ್ ಅಂದರೆ ಯಾವ ಊರು?

ಮೋಡ ಎನ್ನುವ ಹೆಸರಿನಿಂದಾಗಿ ಅದು ಎಲ್ಲೋ ಮೇಲಿದೆ ಎಂದು ಅನ್ನಿಸುವುದು ಸಹಜ. ಅದಿರುವುದು ನೆಲದ ಮೇಲೆಯೇ. ಡೇಟಾ ಸೆಂಟರ್ ಎಂಬ ದೊಡ್ಡ ಕಟ್ಟಡ, ಸಾಲು ಸಾಲು ಕಂಪ್ಯೂಟರ್, ಅವು ಬಿಸಿಯಾಗದಂತೆ ತಂಪು ಮಾಡುವ ವ್ಯವಸ್ಥೆ, ಕರೆಂಟ್ ಹೋದರೆ ಜನರೇಟರ್. ಆ ಕಂಪ್ಯೂಟರಿನ ಒಂದು ಪಾಲನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದೇ ಕ್ಲೌಡ್. ಅಮೆಜಾನ್ ಈ ಬಾಡಿಗೆ ವ್ಯಾಪಾರ ಶುರು ಮಾಡಿದ್ದು 2006ರಲ್ಲಿ.

ಕಟ್ಟಡಗಳ ಗುಂಪಿಗೆ ರೀಜನ್ ಎನ್ನುತ್ತಾರೆ. ಅಮೆಜಾನ್‌ನ ಮುಂಬೈ ರೀಜನ್ 2016ರಲ್ಲಿ, ಹೈದರಾಬಾದ್ ರೀಜನ್ 2022ರಲ್ಲಿ ಶುರುವಾದವು. ಬ್ಲಾಗ್ ಯಾವ ರೀಜನ್‌ನಲ್ಲಿ ಇರಬೇಕು ಎಂದು ಮೊದಲ ದಿನವೇ ಕೇಳುತ್ತಾರೆ. ಸುಮ್ನೆ ಮುಂದೆ ಒತ್ತಿದರೆ ಎಷ್ಟೋ ಕಡೆ ಅಮೆರಿಕದ ವರ್ಜೀನಿಯಾ ಆಯ್ಕೆಯಾಗಿಬಿಡುತ್ತದೆ. ಅಕ್ಟೋಬರ್ 20ರಂದು ತೊಂದರೆ ಹುಟ್ಟಿದ್ದೂ ಅಲ್ಲೇ.

ಹೆಸರು ಬೇರೆ, ಜಾಗ ಬೇರೆ

ಕಂಪ್ಯೂಟರುಗಳು ಒಂದನ್ನೊಂದು ಹುಡುಕುವುದು ಅಂಕಿಗಳಿಂದ. ನಮಗೆ ಅಂಕಿ ನೆನಪಿರುವುದಿಲ್ಲ, ಹೆಸರು ಬೇಕು. ಹೆಸರು ಕೇಳಿ ಅಂಕಿ ಹೇಳುವ ವ್ಯವಸ್ಥೆಯೇ ಡಿಎನ್ಎಸ್. 1983ರಲ್ಲಿ ರೂಪುಗೊಂಡಿತು, ಇವತ್ತಿಗೂ ಇಡೀ ಇಂಟರ್‌ನೆಟ್ ಅದರ ಮೇಲೇ ನಿಂತಿದೆ.

ಅಕ್ಟೋಬರ್‌ನಲ್ಲಿ ಆದದ್ದಿಷ್ಟು. ಡೈನಮೋಡಿಬಿ ಎನ್ನುವುದು ಅಮೆಜಾನ್‌ನ ಒಂದು ಡೇಟಾಬೇಸ್ ಸೇವೆ. ಅದರ ಡಿಎನ್ಎಸ್ ದಾಖಲೆಯನ್ನು ತಿದ್ದುವ ಕೆಲಸ ಮನುಷ್ಯರದ್ದಲ್ಲ, ಪ್ರೋಗ್ರಾಂಗಳದ್ದು. ಒಂದು ಪ್ರೋಗ್ರಾಂ ನಿಧಾನವಾಗಿ ಹಳೆಯ ಪಟ್ಟಿಯನ್ನು ಹಾಕುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಪ್ರೋಗ್ರಾಂ ಹೊಸ ಪಟ್ಟಿ ಹಾಕಿ ಮುಗಿಸಿ, ಹಳೆಯದನ್ನೆಲ್ಲ ಅಳಿಸಲು ಹೊರಟಿತು. ಕೊನೆಗೆ ಆ ಹೆಸರಿನ ಎದುರು ಅಂಕಿಯೇ ಇಲ್ಲದಂತಾಯಿತು. ಡೇಟಾಬೇಸ್ ಇತ್ತು, ಕಂಪ್ಯೂಟರ್ ಓಡುತ್ತಿತ್ತು. ಎಲ್ಲಿದೆ ಎಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ನಿಮ್ಮ ಬ್ಲಾಗಿನ ಮಟ್ಟಿಗೂ ಇದೇ ನಿಯಮ. ಡೊಮೈನ್ ಕೊಳ್ಳುವುದು ಒಂದು ಕಡೆ, ಬ್ಲಾಗ್ ಇಡುವುದು ಇನ್ನೊಂದು ಕಡೆ. ಇವೆರಡನ್ನೂ ಜೋಡಿಸುವುದು ಡಿಎನ್ಎಸ್ ಪುಟದಲ್ಲಿ ನೀವು ತುಂಬುವ ಒಂದೆರಡು ಸಾಲು. ಅಲ್ಲಿ ಟಿಟಿಎಲ್ ಎಂಬ ಕಾಲಂ ಇರುತ್ತದೆ. 3600 ಎಂದಿದ್ದರೆ, ಒಮ್ಮೆ ಕೇಳಿದ ಉತ್ತರವನ್ನು 3600 ಸೆಕೆಂಡ್, ಅಂದರೆ ಒಂದು ಗಂಟೆ ನೆನಪಿಟ್ಟುಕೊಳ್ಳಿ ಎಂದರ್ಥ. ಜಾಗ ಬದಲಿಸಿದ ಮೇಲೆ "ನನಗೆ ಹೊಸದು ಕಾಣ್ತಿದೆ, ಅಮೆರಿಕದಲ್ಲಿರುವ ತಮ್ಮನಿಗೆ ಹಳೇದೇ ಬರ್ತಿದೆ" ಎಂಬ ಗೊಂದಲಕ್ಕೆ ಕಾರಣ ಇದು. ತಮ್ಮನ ಇಂಟರ್‌ನೆಟ್ ಕಂಪನಿ ಹಳೆಯ ಉತ್ತರವನ್ನು ಇನ್ನೂ ನೆನಪಿಟ್ಟುಕೊಂಡಿದೆ. ಜಾಗ ಬದಲಿಸುವ ಹಿಂದಿನ ದಿನವೇ ಈ ಅಂಕಿಯನ್ನು 300ಕ್ಕೆ ಇಳಿಸಿಟ್ಟರೆ ಗೊಂದಲ ಬೇಗ ಮುಗಿಯುತ್ತದೆ.

ಇಡ್ಲಿ ಬ್ಲಾಗ್, ದೋಸೆ ಬ್ಲಾಗ್

ಪುಟ ಮಾಡುವ ಬಗೆ ಎರಡು: ಸ್ಟಾಟಿಕ್ ಮತ್ತು ಡೈನಾಮಿಕ್. ಹೋಟೆಲಿನಲ್ಲಿ ಇಡ್ಲಿಯನ್ನು ಮೊದಲೇ ಬೇಯಿಸಿಟ್ಟಿರುತ್ತಾರೆ, ಕೇಳಿದ ತಕ್ಷಣ ತಟ್ಟೆಗೆ ಬರುತ್ತದೆ. ದೋಸೆ ಹಾಗಲ್ಲ, ಆರ್ಡರ್ ಬಂದ ಮೇಲೆ ಹುಯ್ಯಬೇಕು. ಸ್ಟಾಟಿಕ್ ಬ್ಲಾಗ್ ಇಡ್ಲಿ. ನೀವು ಪ್ರಕಟಿಸಿದ ಕ್ಷಣದಲ್ಲೇ ಎಲ್ಲ ಪುಟ ತಯಾರಾಗಿ ಕೂತಿರುತ್ತದೆ. ಡೈನಾಮಿಕ್ ಬ್ಲಾಗ್ ದೋಸೆ. ಓದುಗ ಬಂದಾಗ ಪ್ರೋಗ್ರಾಂ ಎದ್ದು, ಡೇಟಾಬೇಸಿನಿಂದ ಬರಹ ತೆಗೆದು, ಪುಟ ಮಾಡಿಕೊಡುತ್ತದೆ. ವರ್ಡ್‌ಪ್ರೆಸ್ ಮೂಲತಃ ಎರಡನೆಯ ಬಗೆ. ಜೆಕಿಲ್, ಹ್ಯೂಗೋ ಎಂಬ ಉಪಕರಣಗಳು ಮೊದಲನೆಯ ಬಗೆ.

ದೋಸೆಗೆ ಕಾವಲಿ ಸದಾ ಕಾದಿರಬೇಕು, ಅದಕ್ಕೆ ಗ್ಯಾಸ್ ಖರ್ಚು. ಪುಕ್ಕಟೆ ಜಾಗ ಕೊಡುವ ಕಂಪನಿಗಳು ಗಿರಾಕಿ ಬಾರದಿದ್ದರೆ ಒಲೆ ಆರಿಸುತ್ತವೆ. ಹೆರೋಕು ಎಂಬ ಕಂಪನಿ ತನ್ನ ಪುಕ್ಕಟೆ ಯೋಜನೆಯಲ್ಲಿ 30 ನಿಮಿಷ ಯಾರೂ ಬಾರದಿದ್ದರೆ ಪ್ರೋಗ್ರಾಂ ಅನ್ನು ಮಲಗಿಸುತ್ತಿತ್ತು. ರೆಂಡರ್ ಎಂಬ ಇನ್ನೊಂದು ಕಂಪನಿಯಲ್ಲಿ 15 ನಿಮಿಷ. ಆಮೇಲೆ ಬಂದ ಮೊದಲ ಓದುಗ ಖಾಲಿ ಪರದೆ ನೋಡುತ್ತಾ ಕಾಯಬೇಕು. ಡೆವಲಪರ್‌ಗಳು ಇದಕ್ಕೆ ಕೋಲ್ಡ್ ಸ್ಟಾರ್ಟ್ ಎನ್ನುತ್ತಾರೆ. ವಾರಕ್ಕೆ ಹತ್ತಿಪ್ಪತ್ತು ಜನ ಓದುವ ಬ್ಲಾಗಿನಲ್ಲಿ ಹೆಚ್ಚಿನವರೆಲ್ಲ ಆ ಮೊದಲ ಗಿರಾಕಿಯೇ ಆಗಿಬಿಡುತ್ತಾರೆ!

ಬರಹ, ಚಿತ್ರ, ಲಿಂಕ್ ಇಷ್ಟೇ ಇರುವ ಬ್ಲಾಗಿಗೆ ಸ್ಟಾಟಿಕ್ ಸಾಕು, ಖರ್ಚೂ ಕಡಿಮೆ. ಲಾಗಿನ್, ಅಂಗಡಿ, ಚಂದಾದಾರರ ಲೆಕ್ಕ ಬೇಕೆಂದರೆ ಡೈನಾಮಿಕ್ ಕಡೆ ಹೋಗಬೇಕಾಗುತ್ತದೆ.

ಡಿಪ್ಲಾಯ್ ಮಾಡಿದಾಗ ಏನಾಗುತ್ತದೆ?

ಡಿಪ್ಲಾಯ್ ಎಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುವುದನ್ನು ಲೋಕಕ್ಕೆ ಕಾಣುವ ಕಂಪ್ಯೂಟರಿನಲ್ಲಿ ಓಡುವಂತೆ ಮಾಡುವುದು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಪೇಜಸ್ ಸೇವೆಯ ಉದಾಹರಣೆ ತೆಗೆದುಕೊಳ್ಳೋಣ. 2008ರಲ್ಲಿ ಶುರುವಾದ ಈ ಸೇವೆ ಸಾರ್ವಜನಿಕವಾಗಿಟ್ಟ ಕೋಡಿಗೆ ಪುಕ್ಕಟೆ. ಸೈಟ್ 1 ಜಿಬಿ ಮೀರಬಾರದು, ತಿಂಗಳಿಗೆ ಸುಮಾರು 100 ಜಿಬಿ ತನಕ ಓದುಗರಿಗೆ ಕಳಿಸಬಹುದು. ಬರಹಕ್ಕೆ ಇದು ಧಾರಾಳ.

ಬರಹವನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯುತ್ತೀರಿ. ಗಿಟ್ ಎಂಬ ಉಪಕರಣ ಪ್ರತಿ ಬದಲಾವಣೆಯನ್ನೂ ದಾಖಲಿಸುತ್ತದೆ, ಇದು ಕಮಿಟ್. ಆ ದಾಖಲೆಯನ್ನು ಗಿಟ್‌ಹಬ್‌ಗೆ ತಳ್ಳುತ್ತೀರಿ, ಇದು ಪುಶ್. ತಳ್ಳಿದ ಕೂಡಲೇ ಅಲ್ಲಿ ಒಂದು ತಾತ್ಕಾಲಿಕ ಕಂಪ್ಯೂಟರ್ ಎದ್ದು ನಿಲ್ಲುತ್ತದೆ. ನಿಮ್ಮ ಫೈಲುಗಳನ್ನು ತರಿಸಿಕೊಳ್ಳುತ್ತದೆ, ಬೇಕಾದ ಪ್ರೋಗ್ರಾಂಗಳನ್ನು ಹಾಕಿಕೊಳ್ಳುತ್ತದೆ, ಜೆಕಿಲ್ ಓಡಿಸಿ ಪುಟಗಳನ್ನು ತಯಾರಿಸುತ್ತದೆ. ಇದು ಬಿಲ್ಡ್. ಪುಟಗಳನ್ನು ಹಂಚುವ ಯಂತ್ರಗಳಿಗೆ ಒಪ್ಪಿಸಿ ಆ ಕಂಪ್ಯೂಟರ್ ಮಾಯವಾಗುತ್ತದೆ. ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಟ್ಟಿರುತ್ತದೆ, ಅದು ಲಾಗ್. ಎಲ್ಲ ಸರಿಹೋದರೆ ಕೊನೆಗೆ ಹಸಿರು ಟಿಕ್.

ಆದರೆ ಹಸಿರು ಟಿಕ್ ಬಂದರೂ ಬರಹ ಕಾಣದೇ ಇರಬಹುದು! ಬಿಲ್ಡ್ ಮಾಡುವ ಕಂಪ್ಯೂಟರ್ ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಅದರ ಅಭ್ಯಾಸಗಳು ಬೇರೆ. ಕನ್ನಡ ಬ್ಲಾಗಿಗರನ್ನು ಜಾಸ್ತಿ ಕಾಡುವ ಮೂರು ವ್ಯತ್ಯಾಸ ಹೇಳುತ್ತೇನೆ.

ಮೊದಲನೆಯದು ಗಡಿಯಾರ. ರಾಜ್ಯೋತ್ಸವದ ದಿನ ಬೆಳಗ್ಗೆ ಆರಕ್ಕೆ ಬರಹ ಪ್ರಕಟಿಸುತ್ತೀರಿ ಎಂದುಕೊಳ್ಳಿ. ಫೈಲಿನ ಮೇಲ್ಭಾಗದಲ್ಲಿ "2025-11-01 06:00" ಎಂದು ಬರೆದಿದ್ದೀರಿ. ಲ್ಯಾಪ್‌ಟಾಪಿನಲ್ಲಿ ಬರಹ ಚೆನ್ನಾಗಿ ಕಾಣುತ್ತದೆ. ಪುಶ್ ಮಾಡುತ್ತೀರಿ, ಹಸಿರು ಟಿಕ್ ಬರುತ್ತದೆ, ಬ್ಲಾಗಿನಲ್ಲಿ ಬರಹ ಇಲ್ಲ. ಲಾಗಿನಲ್ಲಿ ದೋಷವೂ ಇಲ್ಲ. ಕಾರಣ, ಬಿಲ್ಡ್ ಕಂಪ್ಯೂಟರ್ ನಡೆಯುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿನ್ನೂ ಮಧ್ಯರಾತ್ರಿ ದಾಟಿ ಅರ್ಧ ಗಂಟೆ. ಆರು ಗಂಟೆಯ ಬರಹ ಅದರ ಪಾಲಿಗೆ ಮುಂದೆ ಬರಬೇಕಾದದ್ದು. ಮುಂದಿನ ದಿನಾಂಕದ ಬರಹವನ್ನು ಜೆಕಿಲ್ ತಾನಾಗಿ ಪ್ರಕಟಿಸುವುದಿಲ್ಲ, ದೋಷ ಎನ್ನದೆ ಬಿಟ್ಟುಬಿಡುತ್ತದೆ. ಹನ್ನೊಂದೂವರೆಗೆ ಸಮಯ ಸರಿಹೋಗುತ್ತದೆ ನಿಜ. ಆದರೆ ಆಗ ಮತ್ತೆ ಬಿಲ್ಡ್ ಮಾಡುವವರು ಯಾರು? ಸಮಯದ ಕೊನೆಗೆ "+0530" ಎಂದು ಸೇರಿಸಿದರೆ ತಕರಾರು ಮುಗಿಯಿತು.

ಎರಡನೆಯದು ಫೈಲಿನ ಹೆಸರು. ವಿಂಡೋಸ್‌ಗೂ ಮ್ಯಾಕ್‌ಗೂ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ. ಕ್ಲೌಡಿನಲ್ಲಿ ಹೆಚ್ಚಾಗಿ ಇರುವ ಲಿನಕ್ಸ್‌ಗೆ ಎರಡೂ ಬೇರೆ. ಕ್ಯಾಮೆರಾ ದೊಡ್ಡಕ್ಷರದಲ್ಲಿ "ಜೆಪಿಜಿ" ಎಂದು ಕೊನೆಯಾಗುವ ಹೆಸರು ಕೊಟ್ಟಿರುತ್ತದೆ, ನಾವು ಬರಹದಲ್ಲಿ ಚಿಕ್ಕಕ್ಷರದಲ್ಲಿ ಬರೆದಿರುತ್ತೇವೆ. ಮನೆಯಲ್ಲಿ ಚಿತ್ರ ಕಾಣುತ್ತದೆ, ಕ್ಲೌಡಿನಲ್ಲಿ 404, ಅಂದರೆ ಫೈಲು ಸಿಗಲಿಲ್ಲ ಎಂಬ ದೋಷ.

ಮೂರನೆಯದು ನಮ್ಮ ಲಿಪಿಯದ್ದೇ. "ದೊಡ್ಡಬಳ್ಳಾಪುರ" ಎಂದು ಫೋಟೋಗೆ ಹೆಸರಿಟ್ಟಿರಿ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ "ದೊ" ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತರಹ. ಹಳೆಯ ಮ್ಯಾಕ್‌ಗಳು ಹೆಸರನ್ನು ಒಡೆದೇ ಇಡುತ್ತಿದ್ದವು. ಲಿನಕ್ಸ್ ಸಂಕೇತಗಳನ್ನು ಮಾತ್ರ ನೋಡುತ್ತದೆ, ಆಕಾರ ನೋಡುವುದಿಲ್ಲ. ಬರಹದಲ್ಲಿ ಒಂದು ಬಗೆ, ಫೈಲಿನಲ್ಲಿ ಇನ್ನೊಂದು ಬಗೆ ಇದ್ದರೆ ಮತ್ತೆ 404. ಗಂಟೆಗಟ್ಟಲೆ ದಿಟ್ಟಿಸಿದರೂ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಫೈಲಿನ ಹೆಸರನ್ನು ಚಿಕ್ಕಕ್ಷರದ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಕನ್ನಡ ಬರಹದ ಒಳಗಿದ್ದರೆ ಸಾಕು, ಅಲ್ವಾ?

ನಿನ್ನೆ ಹಾಕಿದ ಫೋಟೋ ಇವತ್ತಿಲ್ಲ

ಡೈನಾಮಿಕ್ ಬ್ಲಾಗನ್ನು ತಾವೇ ಕಟ್ಟಿ ಕ್ಲೌಡಿಗೆ ಹಾಕಿದವರು ಈ ವಿಚಿತ್ರವನ್ನು ನೋಡಿಯೇ ಇರುತ್ತಾರೆ. ಬರಹ ಇದೆ, ಜೊತೆಗೆ ಹಾಕಿದ ಫೋಟೋ ಮಾಯ. ಕಳ್ಳತನವೂ ಅಲ್ಲ, ವೈರಸ್ಸೂ ಅಲ್ಲ.

ಇಂಥ ಸೇವೆಗಳಲ್ಲಿ ನಿಮ್ಮ ಪ್ರೋಗ್ರಾಂ ಕಂಟೇನರ್ ಎಂಬ ಪುಟ್ಟ ಆವರಣದೊಳಗೆ ಓಡುತ್ತದೆ. ಕಂಪನಿ ಅದನ್ನು ಬೇಕೆಂದಾಗ ಕಿತ್ತು ಹೊಸದನ್ನು ಎಬ್ಬಿಸುತ್ತದೆ. ಹೆರೋಕುವಿನಲ್ಲಿ ಇದು ದಿನಕ್ಕೆ ಒಮ್ಮೆಯಾದರೂ ಆಗುತ್ತದೆ, ನೀವು ಹೊಸದಾಗಿ ಡಿಪ್ಲಾಯ್ ಮಾಡಿದಾಗಲೂ ಆಗುತ್ತದೆ. ಹೊಸ ಕಂಟೇನರಿನಲ್ಲಿ ನೀವು ಪುಶ್ ಮಾಡಿದ ಫೈಲುಗಳಷ್ಟೇ ಇರುತ್ತವೆ. ಓಡುತ್ತಿದ್ದಾಗ ಬಂದು ಸೇರಿದ ಫೋಟೋಗಳು ಹಳೆಯದರ ಜೊತೆ ಹೋಗುತ್ತವೆ. ಬರಹ ಉಳಿದದ್ದು ಅದು ಬೇರೆ ಯಂತ್ರದ ಡೇಟಾಬೇಸಿನಲ್ಲಿದ್ದ ಕಾರಣ.

ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ. ಯಾವ ಕಂಟೇನರನ್ನು ಬೇಕಾದರೂ ಎಸೆಯಬಹುದು ಎಂದಾದಾಗಲೇ ಕೆಟ್ಟ ಯಂತ್ರವನ್ನು ಕ್ಷಣದಲ್ಲಿ ಬದಲಿಸಲು ಸಾಧ್ಯ. ಹಾಗಾಗಿ ಫೋಟೋಗಳನ್ನು ಆಬ್ಜೆಕ್ಟ್ ಸ್ಟೋರೇಜ್ ಎಂಬ ಪ್ರತ್ಯೇಕ ಉಗ್ರಾಣದಲ್ಲಿ ಇಡಬೇಕು. ಅಮೆಜಾನ್‌ನ ಎಸ್3 ಅಂಥದ್ದು. ಸ್ಟಾಟಿಕ್ ಬ್ಲಾಗಿಗೆ ಈ ತಲೆನೋವೇ ಇಲ್ಲ, ಫೋಟೋ ಕೂಡ ಗಿಟ್‌ನಲ್ಲೇ ಇರುತ್ತದೆ.

ಮಧ್ಯದಲ್ಲಿ ನಿಂತವರು

ಓದುಗನಿಗೂ ನಿಮ್ಮ ಪುಟ ಇರುವ ಕಂಪ್ಯೂಟರಿಗೂ, ಅಂದರೆ ಸರ್ವರಿಗೂ, ನಡುವೆ ಸಿಡಿಎನ್ ಎಂಬ ಜಾಲ ಇರಬಹುದು. ನಿಮ್ಮ ಪುಟದ ಪ್ರತಿಗಳನ್ನು ಹಲವು ದೇಶಗಳಲ್ಲಿ ಇಟ್ಟುಕೊಂಡು ಹತ್ತಿರದಿಂದ ಕೊಡುವುದು, ದಾಳಿ ಮಾಡುವ ಬಾಟ್‌ಗಳನ್ನು, ಅಂದರೆ ಮನುಷ್ಯರಂತೆ ಬರುವ ಪ್ರೋಗ್ರಾಂಗಳನ್ನು, ತಡೆಯುವುದು ಇದರ ಕೆಲಸ. ಕ್ಲೌಡ್‌ಫ್ಲೇರ್ ಇವರಲ್ಲಿ ದೊಡ್ಡವರು. ನವೆಂಬರ್ 18ರಂದು ಅವರ ಡೇಟಾಬೇಸಿನ ಅನುಮತಿಗಳಲ್ಲಿ ಮಾಡಿದ ಸಣ್ಣ ಬದಲಾವಣೆಯಿಂದ, ಬಾಟ್ ಗುರುತಿಸುವ ಒಂದು ಫೈಲಿನ ಗಾತ್ರ ಎರಡು ಪಟ್ಟಾಯಿತು. ಆ ಫೈಲು ಇಷ್ಟಕ್ಕಿಂತ ದೊಡ್ಡದಿರಬಾರದು ಎಂಬ ಮಿತಿ ಸಾಫ್ಟ್‌ವೇರಿನಲ್ಲಿತ್ತು. ಮಿತಿ ಮೀರಿದ ಕೂಡಲೇ ಅದು ಕುಸಿಯಿತು. ಮೊದಲಿಗೆ ಯಾರೋ ದಾಳಿ ಮಾಡುತ್ತಿದ್ದಾರೆ ಎಂದೇ ಅಲ್ಲಿನವರು ಶಂಕಿಸಿದ್ದರು. ಹಿಂದೆ ಇದ್ದ ಸರ್ವರ್‌ಗಳು ಚೆನ್ನಾಗಿಯೇ ಇದ್ದವು, ದಾರಿ ಮಾತ್ರ ಬಂದ್.

ಕನ್ನಡದ ಲಿಂಕ್ ಯಾಕಿಷ್ಟು ಉದ್ದ?

ತಲೆಬರಹ ಕನ್ನಡದಲ್ಲಿದ್ದರೆ ಕೆಲವು ತಾಣಗಳು ಲಿಂಕನ್ನೂ ಕನ್ನಡದಲ್ಲೇ ಮಾಡುತ್ತವೆ. ಬ್ರೌಸರಿನಲ್ಲಿ ಚೆಂದ ಕಾಣುತ್ತದೆ. ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಮಾಲೆ! ವೆಬ್ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಿಗಷ್ಟೇ ಅವಕಾಶ. ಉಳಿದದ್ದನ್ನು ಸಂಕೇತಕ್ಕೆ ತಿರುಗಿಸಿಯೇ ಕಳಿಸಬೇಕು. "ಕನ್ನಡ" ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ ಐದು ಸಂಕೇತ: ಕ, ನ, ಒತ್ತು ಕೊಡುವ ಹಲಂತ, ಇನ್ನೊಂದು ನ, ಡ. ಪ್ರತಿಯೊಂದಕ್ಕೂ ಮೂರು ಬೈಟ್. ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಅಲ್ಲಿಗೆ ಒಂದು ಪುಟ್ಟ ಪದಕ್ಕೆ 45 ಅಕ್ಷರ. ಆರು ಪದದ ತಲೆಬರಹವಾದರೆ ಲಿಂಕ್ ಮೊಬೈಲ್ ಪರದೆ ತುಂಬುತ್ತದೆ, ನಡುವೆ ಮುರಿದರೆ ತೆರೆಯುವುದೂ ಇಲ್ಲ. ತಲೆಬರಹ ಕನ್ನಡದಲ್ಲಿರಲಿ, ಲಿಂಕಿಗೆ ಮಾತ್ರ ಚಿಕ್ಕ ಇಂಗ್ಲಿಷ್ ಹೆಸರು ಕೊಡುವ ಸೌಲಭ್ಯ ಬಹುತೇಕ ಎಲ್ಲ ಕಡೆ ಇದೆ.

ಪುಕ್ಕಟೆ ಮತ್ತು ಬಿಲ್ಲು

ಹೆರೋಕು ತನ್ನ ಪುಕ್ಕಟೆ ಯೋಜನೆಯನ್ನು 2022ರ ನವೆಂಬರ್ 28ರಿಂದ ನಿಲ್ಲಿಸಿತು. ಕಾಲೇಜು ಪ್ರಾಜೆಕ್ಟ್‌ಗಳು, ಹವ್ಯಾಸಿ ಬ್ಲಾಗ್‌ಗಳು ಗಂಟುಮೂಟೆ ಕಟ್ಟಬೇಕಾಯಿತು. ಪುಕ್ಕಟೆ ಯೋಜನೆ ನಡೆಯುವುದು ಹಣ ಕೊಡುವ ಗಿರಾಕಿಗಳ ಬಲದ ಮೇಲೆ. ಲೆಕ್ಕ ಹೊಂದದ ದಿನ ಮುಗಿಯುತ್ತದೆ.

ಹಣ ಕೊಡುವ ಕಡೆಯೂ ಒಂದು ಸೂಕ್ಷ್ಮವಿದೆ. ಎಷ್ಟೋ ಸೇವೆಗಳಲ್ಲಿ ಬಳಸಿದಷ್ಟಕ್ಕೆ ಬಿಲ್ಲು, ಮೇಲಿನ ಮಿತಿಯನ್ನು ನೀವೇ ಹಾಕಿಕೊಳ್ಳದಿದ್ದರೆ ಕಷ್ಟ. 2024ರ ಫೆಬ್ರವರಿಯಲ್ಲಿ ಸೈಟ್ ಇಡಲು ಜಾಗ ಕೊಡುವ ನೆಟ್ಲಿಫೈ ಎಂಬ ಸೇವೆ ಬಳಸುತ್ತಿದ್ದ ಒಬ್ಬರ ಸಾದಾ ಸ್ಟಾಟಿಕ್ ಸೈಟಿಗೆ 1,04,500 ಡಾಲರ್ ಬಿಲ್ಲು ಬಂತು. ಸೈಟಿನಲ್ಲಿದ್ದ ಸುಮಾರು ಮೂರೂವರೆ ಎಂಬಿಯ ಆಡಿಯೊ ಫೈಲನ್ನು ಯಾರೋ ದಾಳಿಯಂತೆ ಮತ್ತೆ ಮತ್ತೆ ಇಳಿಸಿಕೊಂಡಿದ್ದರು. ಸುದ್ದಿಯಾದ ಮೇಲೆ ಕಂಪನಿ ಬಿಲ್ಲನ್ನು ಪೂರ್ತಿ ಮನ್ನಾ ಮಾಡಿತು. ಸೇವೆ ಆರಿಸುವಾಗ ಹುಡುಕಬೇಕಾದ ಮಾತು ಇಷ್ಟೇ: ಮಿತಿ ಮೀರಿದರೆ ಸೈಟ್ ನಿಲ್ಲುತ್ತದೋ, ಬಿಲ್ಲು ಏರುತ್ತದೋ?

ಡೊಮೈನ್ ವಿಷಯದಲ್ಲಿ ನಮ್ಮ ದೇಶಕ್ಕೇ ವಿಶೇಷವಾದ ಅಡಚಣೆ ಇದೆ. 2021ರ ಅಕ್ಟೋಬರ್ 1ರಿಂದ ಜಾರಿಯಾದ ಆರ್‌ಬಿಐ ನಿಯಮದ ಪ್ರಕಾರ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಮೊದಲೇ ಇ-ಮ್ಯಾಂಡೇಟ್ ಎಂಬ ಒಪ್ಪಿಗೆ ಕೊಟ್ಟಿರಬೇಕು. ಗ್ರಾಹಕರ ರಕ್ಷಣೆಗೆ ಒಳ್ಳೆಯ ನಿಯಮವೇ. ಆದರೆ ಇದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಯಲ್ಲಿ "ಆಟೋ ರಿನ್ಯೂ" ಎಂದು ಟಿಕ್ ಹಾಕಿದ್ದರೂ ಕಡಿತ ಆಗುವುದಿಲ್ಲ. ಎಚ್ಚರಿಕೆಯ ಮೇಲ್ ಸ್ಪ್ಯಾಮ್‌ಗೆ ಬಿದ್ದಿರುತ್ತದೆ. ಅವಧಿ ಮುಗಿದ ಡೊಮೈನ್ ಸ್ವಲ್ಪ ಕಾಲದ ನಂತರ ಯಾರು ಬೇಕಾದರೂ ಕೊಳ್ಳುವಂತಾಗುತ್ತದೆ. ಹಾಗಾಗಿ ನಾನು ಟಿಕ್ ನಂಬುವುದಿಲ್ಲ, ಕ್ಯಾಲೆಂಡರಿನಲ್ಲಿ ಬರೆದಿಟ್ಟು ಕೈಯಾರೆ ಕಟ್ಟುತ್ತೇನೆ.

ಜಾಗ ಬದಲಿಸುವಾಗ

ಬ್ಲಾಗರ್ (ಬ್ಲಾಗ್‌ಸ್ಪಾಟ್ ನಡೆಸುವ ಸೇವೆ), ವರ್ಡ್‌ಪ್ರೆಸ್ ಎರಡರಲ್ಲೂ ಬರಹವನ್ನು ಇಳಿಸಿಕೊಳ್ಳುವ ವ್ಯವಸ್ಥೆ ಸೆಟ್ಟಿಂಗ್ಸ್ ಅಥವಾ ಟೂಲ್ಸ್ ಭಾಗದಲ್ಲಿದೆ. ಒಂದು ಎಕ್ಸ್‌ಎಂಎಲ್ ಫೈಲು ಸಿಗುತ್ತದೆ. ಅದರಲ್ಲಿ ಬರಹಗಳಿರುತ್ತವೆ, ಚಿತ್ರಗಳ ಲಿಂಕ್ ಇರುತ್ತದೆ, ಚಿತ್ರಗಳು ಇರುವುದಿಲ್ಲ. ಹಳೆಯ ತಾಣ ಮುಚ್ಚಿದ ಮೇಲೆ ಆ ಲಿಂಕುಗಳಿಂದ ಏನೂ ಬರುವುದಿಲ್ಲ. ಚಿತ್ರಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಮೊದಲು ಯೂನಿಕೋಡ್‌ಗೆ ತಿರುಗಿಸಿ. ಇಲ್ಲದಿದ್ದರೆ ಹೊಸ ಜಾಗದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಡೊಮೈನ್ ನಿಮ್ಮದೇ ಆಗಿದ್ದರೆ ಡಿಎನ್ಎಸ್ ಸಾಲು ಬದಲಿಸಿ, ಪುಟಗಳ ಲಿಂಕ್ ಹಳೆಯ ರೀತಿಯಲ್ಲೇ ಇರುವಂತೆ ನೋಡಿಕೊಂಡರೆ ಓದುಗರಿಗೆ ಜಾಗ ಬದಲಾದದ್ದೇ ತಿಳಿಯುವುದಿಲ್ಲ. ವಿಳಾಸದ ಕೊನೆಯಲ್ಲಿ ಕಂಪನಿಯ ಹೆಸರಿದ್ದರೆ ಆ ದಾರಿ ಇಲ್ಲ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಕೆಲಸಕ್ಕೆ ರೀಡೈರೆಕ್ಟ್ ಎನ್ನುತ್ತಾರೆ, ಅದನ್ನು ಮಾಡಬಲ್ಲದ್ದು ಹಳೆಯ ಕಂಪನಿ ಮಾತ್ರ. ವರ್ಡ್‌ಪ್ರೆಸ್.ಕಾಮ್ ವರ್ಷಕ್ಕಿಷ್ಟು ಎಂದು ಹಣ ಪಡೆದು ಮಾಡಿಕೊಡುತ್ತದೆ. ಬ್ಲಾಗರ್‌ನಲ್ಲಿ ಸ್ವಂತ ಡೊಮೈನ್ ಜೋಡಿಸಿದರೆ ಬ್ಲಾಗ್‌ಸ್ಪಾಟ್ ವಿಳಾಸ ತಾನಾಗಿ ಅತ್ತ ತಿರುಗುತ್ತದೆ, ಈಗಲೇ ಮಾಡಿಟ್ಟುಕೊಳ್ಳಬಹುದು. ಕಂಪನಿಯೇ ಮುಚ್ಚಿದ ಮೇಲೆ ಮಾತ್ರ ದುಡ್ಡು ಕೊಟ್ಟರೂ ಮಾಡಿಕೊಡುವವರಿಲ್ಲ. ಗಡುವು ಬರುವ ಮೊದಲೇ ಮುಖ್ಯ ಪುಟಗಳ ಲಿಂಕನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ಗೆ ಕೊಟ್ಟು "ಸೇವ್ ಪೇಜ್ ನೌ" ಒತ್ತಿಡಿ. ಅಲ್ಲಿ ಉಳಿದ ಪ್ರತಿಯನ್ನು ಹಳೆಯ ವಿಳಾಸ ಕೊಟ್ಟೇ ಹುಡುಕಬಹುದು.